ಸಿಯಾಲ್ದಾದ ಸಿಸ್ಟರ್ ಸಿರಿಲ್

ಕಾನ್ವೆಂಟು ಎಂಬ ಮಾತು ನಮ್ಮಂತೆ ಊರು ಬಿಟ್ಟು ಬಂದ ಸಂಸಾರಗಳಿಗೆ ಬಹು ಪರಿಚಿತವಾದುದು. ಪಟ್ಟಣದಲ್ಲಿ ಕಾಲೂರಿದ ಮೇಲೆ ಬಾಡಿಗೆ ಮನೆ ಮೊದಲ ಚಿಂತೆಯಾದರೆ, ಮಕ್ಕಳನ್ನು ಒಳ್ಳೆಯ ಕಾನ್ವೆಂಟಿಗೆ ಸೇರಿಸುವುದು ಎರಡನೆಯದು. ಮಂಗಳೂರಿನ ಕಡೆಯವರಿಗಂತೂ ಈ ನಂಟು ಹಳೆಯದು. ಅಪೊಸ್ತಲಿಕ ಕಾರ್ಮೆಲ್ ಸಭೆಯ ಸನ್ಯಾಸಿನಿಯರು 1870ರಲ್ಲಿ ಅಲ್ಲಿಗೆ ಬಂದು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಕೈಹಾಕಿದರು. 1921ರಲ್ಲಿ ಅವರ ಸಂತ ಆಗ್ನೆಸ್ ಕಾಲೇಜು ತೆರೆಯಿತು. ಆದರೂ ಕಾಲ ಸರಿದಂತೆ ಆ ಮಾತಿಗೆ ಬೇರೊಂದು ಅರ್ಥ ಅಂಟಿಕೊಂಡಿತು: ಉಳ್ಳವರ ಮಕ್ಕಳು ಇಂಗ್ಲಿಷು ಕಲಿಯುವ ಜಾಗ. ಈ ಅರ್ಥವನ್ನು ಒಪ್ಪದೆ ಕಾನ್ವೆಂಟಿನ ಒಳಗೇ ನಿಂತು ಅದನ್ನು ಬದಲಿಸಿದ ಒಬ್ಬ ಸನ್ಯಾಸಿನಿಯ ಚರಿತ್ರೆಯನ್ನು ವಾಚಕರ ಮುಂದಿಡಬಯಸುತ್ತೇವೆ. ಆಕೆ ಕನ್ನಡದವರಲ್ಲ, ಆಕೆಯ ಕರ್ಮಭೂಮಿ ಕಲ್ಕತ್ತೆ.

ಐರ್ಲೆಂಡಿನ ಲೊರೆಟೊ ಸಭೆಯ ಸನ್ಯಾಸಿನಿಯರು ಕಲ್ಕತ್ತೆಗೆ ಬಂದದ್ದು 1841ರಲ್ಲಿ. ಸಿಯಾಲ್ದಾದಲ್ಲಿ ಅವರ ಶಾಲೆ ಆರಂಭವಾದದ್ದು 1857ರಲ್ಲಿ. ಸಿರಿಲ್ ಮೂನಿ ಹುಟ್ಟಿದ್ದು 1936ರಲ್ಲಿ, ಐರ್ಲೆಂಡಿನಲ್ಲಿ. 1956ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಹೊತ್ತಿಗೆ, ಹಡೆದವರನ್ನೂ ಹುಟ್ಟಿದೂರನ್ನೂ ಬಿಟ್ಟು ಭಾರತಕ್ಕೆ ಬಂದರು. ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟು ಪಡೆದ ವಿದುಷಿ. ಮದರ್ ತೆರೇಸಾ ಕೂಡ ಇದೇ ಲೊರೆಟೊ ಸಭೆಯಲ್ಲಿ ಅಧ್ಯಾಪಕಿಯಾಗಿದ್ದು, 1948ರಲ್ಲಿ ಕಾನ್ವೆಂಟಿನ ಬಾಗಿಲು ದಾಟಿ ಬಡವರ ಬಳಿಗೆ ಹೋದವರು. ಸಿಸ್ಟರ್ ಸಿರಿಲ್ ಬಾಗಿಲು ದಾಟಲಿಲ್ಲ, ಬಾಗಿಲನ್ನೇ ತೆರೆದಿಟ್ಟರು.

ಸಿಯಾಲ್ದಾ ಎಂದರೆ ಬಲು ದೊಡ್ಡ ರೈಲು ನಿಲ್ದಾಣ. ದೇಶ ವಿಭಜನೆಯಾದಾಗ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಅದರ ಪ್ಲಾಟ್‌ಫಾರಂಗಳ ಮೇಲೆಯೇ ತಿಂಗಳುಗಟ್ಟಲೆ ಬದುಕಿದ್ದರು. ಆಮೇಲೂ ಸುತ್ತಲಿನ ಕಾಲುದಾರಿ ಎಷ್ಟೋ ಕುಟುಂಬಗಳಿಗೆ ಮನೆಯಾಗಿಯೇ ಉಳಿಯಿತು. 1979ರಲ್ಲಿ ಸಿರಿಲ್ ಈ ಶಾಲೆಯ ಮುಖ್ಯಸ್ಥೆಯಾದಾಗ ಅಲ್ಲಿದ್ದ ಸುಮಾರು 790 ಹುಡುಗಿಯರಲ್ಲಿ ಬಡವರ ಮಕ್ಕಳು 90 ಮಾತ್ರ. ಇಪ್ಪತ್ತು ವರ್ಷ ತುಂಬುವ ಮೊದಲೇ ಮಕ್ಕಳ ಸಂಖ್ಯೆ 1400ಕ್ಕೆ ಏರಿತು. ಅವರಲ್ಲಿ ಅರ್ಧದಷ್ಟು ಮಂದಿ ಫೀಸು ಕೊಡದೆ ಓದುವವರು. ಬಡವರಿಗೆಂದು ಬೇರೆ ಕೊಠಡಿಯಿಲ್ಲ, ಬೇರೆ ಹೊತ್ತಿಲ್ಲ. ಅದೇ ಬೆಂಚು, ಅದೇ ಪಾಠ.

ಇಷ್ಟಾದರೂ ತರಗತಿಯ ಕಟ್ಟಿಗೆ ಸಿಕ್ಕದ ಮಕ್ಕಳು ಬೀದಿಯಲ್ಲಿದ್ದರು. ಚಿಂದಿ ಆಯುವ ಹುಡುಗಿ ಹತ್ತು ಗಂಟೆಯ ಗಂಟೆಗೆ ಸರಿಯಾಗಿ ಬರುವುದೆಲ್ಲಿ? ಅವರಿಗಾಗಿ 1985ರಲ್ಲಿ ಶಾಲೆಯ ಮಹಡಿಯ ಮೇಲೆ ‘ರೇನ್‌ಬೋ’ ಶಾಲೆ ಹುಟ್ಟಿತು. ಮಗು ಬಿಡುವಾದಾಗ ಬರಬಹುದು, ಕೆಲಸವಿದ್ದರೆ ಹೋಗಬಹುದು, ನಾಳೆ ಮತ್ತೆ ಬರಬಹುದು. ಕಲಿಸುವವರು ಯಾರು? ಕೆಳಗಿನ ತರಗತಿಗಳಲ್ಲಿ ಓದುತ್ತಿದ್ದ ಹುಡುಗಿಯರೇ. ಐದನೆಯ ತರಗತಿಯಿಂದ ಮೇಲಿನವರು ಸರದಿಯಂತೆ ಮಹಡಿಗೆ ಹೋಗಿ, ಒಬ್ಬೊಬ್ಬರು ಒಂದೊಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ, ಲೆಕ್ಕ ಹೇಳಿಕೊಡುವರು. ಸರಕಾರದ ಪಠ್ಯಕ್ರಮದಲ್ಲಿ ‘ಕಾರ್ಯಾನುಭವ’ ಎಂಬ ಕಡ್ಡಾಯ ವಿಷಯವೊಂದಿತ್ತು. ಸಿರಿಲ್ ಈ ಪಾಠ ಹೇಳುವುದನ್ನೇ ಆ ವಿಷಯವನ್ನಾಗಿ ಮಾಡಿಬಿಟ್ಟರು. ಆಕೆಯ ಜಾಣತನವೆಲ್ಲ ಇಲ್ಲಿದೆ ಎಂದು ನಮಗೆ ತೋರುತ್ತದೆ. ದಾನಧರ್ಮವಾಗಿದ್ದರೆ ಪುರಸೊತ್ತಿದ್ದಾಗ ಮಾಡುವುದು, ಇಲ್ಲವಾದರೆ ಬಿಡುವುದು; ವೇಳಾಪಟ್ಟಿಯಲ್ಲಿ ಬರೆದದ್ದನ್ನು ಬಿಡುವಂತಿಲ್ಲ. ಓದಲು ಕಲಿತ ಮಕ್ಕಳು ಮುಂದೆ ಸಾಮಾನ್ಯ ಶಾಲೆಗಳನ್ನು ಸೇರಿದರು. ಬೀದಿಯಲ್ಲಿ ರಾತ್ರಿ ಕಳೆಯಲು ಭಯವಿದ್ದ ಹುಡುಗಿಯರಿಗೆ ಶಾಲೆಯೇ ಮನೆಯಾಯಿತು.

ಫೀಸು ಕೊಡುವ ತಂದೆತಾಯಿಗಳು ಏನೆಂದಾರು ಎಂಬ ಪ್ರಶ್ನೆ ಸಹಜವೇ. ನಮ್ಮ ಮಗಳ ಪಾಠದ ಹೊತ್ತನ್ನು ಬೀದಿಯ ಮಗುವಿಗೆ ಕೊಟ್ಟರೆ ನಾವೂ ಮುಖ್ಯೋಪಾಧ್ಯಾಯಿನಿಯ ಕೋಣೆಯ ಮುಂದೆ ನಿಂತೇವು! ಆದರೆ ಸಿರಿಲ್ ಪರೀಕ್ಷೆಯ ಶಾಲೆಯನ್ನು ಮುಚ್ಚಲಿಲ್ಲ, ಬೀದಿಯ ಮಕ್ಕಳನ್ನು ಕೆಳಗಿಳಿಸಲೂ ಇಲ್ಲ. ಎರಡನ್ನೂ ಒಂದೇ ಸೂರಿನ ಕೆಳಗೆ ನಡೆಸಿದರು. ಗುರುವಾರಗಳಂದು ದೊಡ್ಡ ಹುಡುಗಿಯರು ಹಳ್ಳಿಯ ಶಾಲೆಗಳಿಗೂ ಹೋಗಿ ಕಲಿಸಿಬರುತ್ತಿದ್ದರು. ಮನೆಗೆಲಸಕ್ಕೆ ಇಟ್ಟ ಪುಟ್ಟ ಹುಡುಗಿಯರನ್ನು ಹುಡುಕಿ ಮಾತನಾಡಿಸುವ ಕೆಲಸವೂ ಇವರದೇ. ಪರರ ಮನೆಯ ಅಡಿಗೆಮನೆಯಲ್ಲಿ ಅಡಗಿದ ಮಗು ಸರಕಾರದ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಪಕ್ಕದ ಮನೆಯ ಹುಡುಗಿಯ ಕಣ್ಣಿಗೆ ಬಿದ್ದೀತು.

1994ರಲ್ಲಿ ಈ ಶಾಲೆಗೆ ಯುನೆಸ್ಕೊದ ನೋಮಾ ಸಾಕ್ಷರತಾ ಪ್ರಶಸ್ತಿ ಬಂದಿತು. 2007ರಲ್ಲಿ ಸಿರಿಲರಿಗೆ ಪದ್ಮಶ್ರೀ. ಖಾಸಗಿ ಶಾಲೆಗಳು ನೂರಕ್ಕೆ 25 ಸ್ಥಾನಗಳನ್ನು ಬಡಮಕ್ಕಳಿಗೆ ಕೊಡಬೇಕೆಂದು ಕಾನೂನು ಹೇಳಿದ್ದು 2009ರಲ್ಲಿ. ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾನೂನು ಅನ್ವಯಿಸದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಸಿಯಾಲ್ದಾದ ಶಾಲೆ ಅಂತಹದೊಂದು ಶಾಲೆ. ಯಾವ ಕಾನೂನಿನ ಒತ್ತಾಯವೂ ಇಲ್ಲದೆ ಅದು ಕೊಟ್ಟದ್ದು ಅರ್ಧ.

ರೇನ್‌ಬೋ ಹೆಸರಿನ ಮನೆಗಳು ಮುಂದೆ ಹೈದರಾಬಾದು, ಬೆಂಗಳೂರುಗಳಲ್ಲಿಯೂ ಎದ್ದವು. ನಾವಿರುವ ಪಟ್ಟಣಗಳಲ್ಲಿ ಕಟ್ಟಡದ ಕೆಲಸಕ್ಕೆಂದು ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬಂದ ಕೂಲಿಯವರುಂಟು. ಅವರ ಮಕ್ಕಳು ಮರಳಿನ ರಾಶಿಯ ಮೇಲೆ ಆಡುವ ಮಾತು ನಮ್ಮದೇ ಕನ್ನಡ. ಮುಂಬಯಿಯ ನಮ್ಮ ಹಿರಿಯರು ಹೋಟೆಲಿನ ಹುಡುಗರಿಗಾಗಿ ಕನ್ನಡದ ರಾತ್ರಿಶಾಲೆಗಳನ್ನು ನಡೆಸಿದ್ದರು. ಆ ಹುಡುಗರ ಜಾಗದಲ್ಲಿ ಇಂದು ಈ ಮಕ್ಕಳಿದ್ದಾರೆ.

ಸಿಸ್ಟರ್ ಸಿರಿಲ್ 2011ರವರೆಗೆ ಶಾಲೆಯ ಮುಖ್ಯಸ್ಥೆಯಾಗಿದ್ದರು. 2023ರ ಜೂನ್ ತಿಂಗಳಲ್ಲಿ, 86ನೆಯ ವಯಸ್ಸಿನಲ್ಲಿ, ಕಲ್ಕತ್ತೆಯಲ್ಲಿಯೇ ತೀರಿಕೊಂಡರು.