ಹಸಿರು ಭೂತ ಮತ್ತು ನಗುವಿನ ರಾಜಕಾರಣ

ವಿಡಂಬನೆ ಅನ್ನೋದು ದುರ್ಬಲರ ಆಯುಧ ಎಂಬ ಮಾತು ನಮ್ಮ ವಿಮರ್ಶೆಯಲ್ಲಿ ಸಲೀಸಾಗಿ ಓಡಾಡುತ್ತದೆ. ಅಮೆರಿಕದ ಕಾರ್ಟೂನ್ ಚಿತ್ರಗಳ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಅಲ್ಲಿ ದಶಕಗಳ ಕಾಲ ನಗಿಸಿದವರು ಬಿಳಿಯರು, ನಗೆಗೀಡಾದವರು ಕಪ್ಪು ಜನ. ವಾಲ್ಟರ್ ಲಾಂಟ್ಜ್‌ನ 1941ರ ‘ಸ್ಕ್ರಬ್ ಮಿ ಮಾಮಾ ವಿತ್ ಎ ಬೂಗಿ ಬೀಟ್’ ಚಿತ್ರದಲ್ಲಿ ಕಪ್ಪು ಜನರ ಇಡೀ ಊರೇ ತೂಕಡಿಸುತ್ತಿರುತ್ತದೆ. ದುಡಿದು ಬೆನ್ನು ಮುರಿದುಕೊಂಡವರನ್ನೇ ಸೋಮಾರಿಗಳು ಅಂತ ಗೇಲಿ ಮಾಡುವುದು ನಮಗೇನು ಹೊಸದಲ್ಲ.

ಈ ಗೇಲಿಯನ್ನು ತಿರುಗಿಸಲು ಹೊರಟ ಚಿತ್ರ 1946ರ ‘ಬ್ರದರ್‌ಹುಡ್ ಆಫ್ ಮ್ಯಾನ್’. ಹಣ ಕೊಟ್ಟದ್ದು ಮೋಟಾರು ಕಾರ್ಮಿಕರ ಸಂಘ. ತಯಾರಿಸಿದ್ದು ಯುಪಿಎ ಸಂಸ್ಥೆ. ನಿರ್ದೇಶಕ ರಾಬರ್ಟ್ ಕ್ಯಾನನ್. ಇದಕ್ಕೆ ಆಧಾರ ರೂತ್ ಬೆನೆಡಿಕ್ಟ್ ಮತ್ತು ಜೀನ್ ವೆಲ್ಟ್‌ಫಿಶ್ ಬರೆದ 1943ರ ಕಿರುಹೊತ್ತಗೆ. ಮೊದಲ ಮಹಾಯುದ್ಧದ ಕಾಲದ ಸೈನ್ಯದ ಬುದ್ಧಿಪರೀಕ್ಷೆಯಲ್ಲಿ ಉತ್ತರದ ಕೆಲವು ರಾಜ್ಯಗಳ ಕಪ್ಪು ಜನ ದಕ್ಷಿಣದ ಕೆಲವು ರಾಜ್ಯಗಳ ಬಿಳಿಯರಿಗಿಂತ ಹೆಚ್ಚು ಅಂಕ ಪಡೆದಿದ್ದರು ಎಂದು ಅದು ತೋರಿಸಿತ್ತು. ಅಷ್ಟಕ್ಕೇ ಸಂಸತ್ತಿನಲ್ಲಿ ಗದ್ದಲವೆದ್ದು, ಸೈನಿಕರಿಗೆ ಅದನ್ನು ಹಂಚುವುದು ನಿಂತುಹೋಯಿತು.

ಚಿತ್ರದಲ್ಲಿ ಹೆನ್ರಿ ಎಂಬ ಬಿಳಿಯನಿಗೆ ಲೋಕದ ಜನರೆಲ್ಲ ನೆರೆಹೊರೆಯವರಾಗುತ್ತಾರೆ. ಕೈಕುಲುಕಬೇಕು ಅನ್ನುವಷ್ಟರಲ್ಲಿ ಅವನೊಳಗಿಂದ ಹಸಿರು ಭೂತವೊಂದು ಎದ್ದು, ಇವರೆಲ್ಲ ಬೇರೆಯವರು ಅಂತ ಕಿವಿಯೂದುತ್ತದೆ. ಇಲ್ಲಿ ನಗೆಗೀಡಾಗುವುದು ಕಪ್ಪು ಮೈಯಲ್ಲ, ಪೂರ್ವಗ್ರಹ. ಇದೇನು ಸಣ್ಣ ಸಾಧನೆಯಲ್ಲ. ಚಿತ್ರಕಥೆ ಬರೆದವರಲ್ಲಿ ಒಬ್ಬನಾದ ರಿಂಗ್ ಲಾರ್ಡ್ನರ್ ಕಮ್ಯುನಿಸ್ಟರ ಬೇಟೆಯಲ್ಲಿ 1950ರಲ್ಲಿ ಜೈಲು ಸೇರಿದ. ವೆಲ್ಟ್‌ಫಿಶ್ 1953ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡಳು.

ಆದರೂ ದಲಿತ ವಿಮರ್ಶೆ ಇಲ್ಲಿ ಒಂದು ಪ್ರಶ್ನೆ ಎತ್ತಲೇಬೇಕು. ಅಸಮಾನತೆ ಮನಸ್ಸಿನ ಭೂತವಾದರೆ, ಅದನ್ನು ಬಿಡಿಸಲು ಬುದ್ಧಿಮಾತು ಸಾಕು. ಕೊನೆಯಲ್ಲಿ ಶಿಕ್ಷಣ, ಆರೋಗ್ಯ, ಉದ್ಯೋಗದಲ್ಲಿ ಸಮಾನ ಅವಕಾಶದ ಮಾತು ಬರುತ್ತದೆ, ನಿಜ. ಆ ಅವಕಾಶವನ್ನು ಕಿತ್ತುಕೊಂಡವರು ಯಾರು ಅನ್ನೋದು ಬರುವುದಿಲ್ಲ. ಮೇಲ್ಜಾತಿಯ ಮನಃಪರಿವರ್ತನೆಗೆ ಕಾಯಿರಿ ಎಂದ ಗಾಂಧಿಮಾರ್ಗ, ಹಕ್ಕು ಕೇಳಿದ ಅಂಬೇಡ್ಕರ್ ಇವರ ನಡುವಿನ ಜಗಳವೂ ಇದೇ ಅಲ್ಲವೆ? ಅದೇ 1946ರಲ್ಲಿ ಅಂಬೇಡ್ಕರ್ ಅವರು ಡು ಬೊಯಿಸ್‌ಗೆ ಕಾಗದ ಬರೆದು ಕೇಳಿದ್ದು ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿಯನ್ನು; ಯಾರ ಕನಿಕರವನ್ನೂ ಅಲ್ಲ.

ಲಾಂಟ್ಜ್‌ನ ಚಿತ್ರವನ್ನು 1949ರಲ್ಲಿ ಯೂನಿವರ್ಸಲ್ ಕಂಪನಿ ಹಿಂದಕ್ಕೆ ಪಡೆಯಿತು. ಮಾಲೀಕರ ಮೈಮೇಲಿನ ಭೂತ ತಾನಾಗಿ ಇಳಿದದ್ದರಿಂದಲ್ಲ. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆ ಪ್ರತಿಭಟಿಸಿದ್ದರಿಂದ.