ಏರಿ ಇಳಿಯುವ ಸಂಖ್ಯೆ: ಮಹಾವೀರಾಚಾರ್ಯನ 12345654321

ಶಾಸನ ಓದುವಾಗ ಅಕ್ಷರಕ್ಕಿಂತ ಅಂಕಿ ಹೆಚ್ಚು ಕಾಡ್ತದೆ. ಒಂದು ಅಕ್ಷರ ಸವೆದಿದ್ದರೆ ಪದ ನೋಡಿ ಊಹಿಸಬಹುದು. ಅಂಕಿ ಸವೆದಿದ್ದರೆ ಪಕ್ಕದ ಅಂಕಿ ಸಾಮಾನ್ಯವಾಗಿ ಏನೂ ಹೇಳೋದಿಲ್ಲ. ಆದರೆ ಪಕ್ಕದ ಅಂಕಿಯೇ ಸಾಕ್ಷಿ ಹೇಳುವ ಸಂಖ್ಯೆಯೊಂದು ನಮ್ಮ ಭಾಗದ ಇತಿಹಾಸದಲ್ಲೇ ಇದೆ.

ನಮ್ಮ ಜನವಾಡದಿಂದ ದಕ್ಷಿಣಕ್ಕೆ, ಕಾಗಿಣಾ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಗ್ರಂಥದ ಆರಂಭದಲ್ಲೇ ಈ ಅರಸನ ಹೊಗಳಿಕೆ ಇದೆ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಇದನ್ನು ಪ್ರಕಟಿಸಿದರು.

ಅದರಲ್ಲಿ 12345654321 ಬರುತ್ತದೆ. ನಾವಾದರೆ 1234 ಕೋಟಿ 56 ಲಕ್ಷ 54 ಸಾವಿರದ 321 ಅಂತೀವಿ. ಆಚಾರ್ಯ ಕೋಟಿ, ಲಕ್ಷದ ಗೋಜಿಗೇ ಹೋಗೋದಿಲ್ಲ. ಒಂದರಿಂದ ಶುರುವಾಗಿ ಆರರ ತನಕ ಹೋಗಿ, ಅದೇ ಕ್ರಮದಲ್ಲಿ ಇಳಿಯುವಂಥದ್ದು ಎಂಬರ್ಥದ ಮಾತಿನಲ್ಲಿ ಮುಗಿಸ್ತಾನೆ. ಸಂಖ್ಯೆಯ ಬೆಲೆ ಹೇಳಲಿಲ್ಲ, ಆಕಾರ ಹೇಳಿದ! ಓದುವವನ ಕಣ್ಣಮುಂದೆ ಸ್ಥಾನಬೆಲೆಯ ಸಾಲು ಇಲ್ಲದಿದ್ದರೆ ಈ ಮಾತಿಗೆ ಅರ್ಥವೇ ಇಲ್ಲ.

ಈ ಆಕಾರ ಎಲ್ಲಿಂದ ಬಂತು? 111111ನ್ನು ಅದರಿಂದಲೇ ಗುಣಿಸಿ ನೋಡ್ರಿ. ಆರು ಸಾಲುಗಳು ಒಂದೊಂದು ಮನೆ ಎಡಕ್ಕೆ ಸರಿದು ಕೂಡ್ತಾವೆ. ಬಲತುದಿಯ ಮನೆಯಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ನಡುವೆ ಆರು, ಮತ್ತೆ ಇಳಿಕೆ. ಎಲ್ಲೂ ದಶಕ ಬರೋದಿಲ್ಲ. ಒಂಬತ್ತು ಒಂದುಗಳ ತನಕ ಈ ಗೋಪುರ ನಿಲ್ಲುತ್ತದೆ, ಹತ್ತನೆಯದಕ್ಕೆ ದಶಕ ಹುಟ್ಟಿ ಕುಸೀತದೆ. 111111 ಎಂದರೆ 3×7×11×13×37. ಹಾಗಾಗಿ ನಮ್ಮ ಸಂಖ್ಯೆ 21ರ ವರ್ಗವಾದ 441ರಿಂದ ಶೇಷವಿಲ್ಲದೆ ಭಾಗವಾಗ್ತದೆ. ಭಾಗಲಬ್ಧ 27994681, ಅದೂ 5291ರ ವರ್ಗ. ಅಂಕಿಗಳ ಮೊತ್ತ 36, ಆರರ ವರ್ಗ. (152207×73 = 11111111 ಎಂಬಂಥ ಗುಣಲಬ್ಧಗಳನ್ನು ಆಚಾರ್ಯ ಕೊರಳ ಹಾರಕ್ಕೆ ಹೋಲಿಸಿದ್ದಾನೆ. ರಸಿಕ ಮನುಷ್ಯ.)

ಎಂಜಿನಿಯರ್ ಆದ ನನಗೆ ಇದರಲ್ಲಿ ಹಿಡಿಸಿದ್ದು ಬೇರೆ. ಲಿಪಿಕಾರ ಎಡದ 4ನ್ನು ತಪ್ಪಾಗಿ ಬರೆದರೆ ಬಲದ 4 ಅದನ್ನು ಹಿಡಿದುಕೊಡ್ತದೆ. ತಾಳೆಗರಿಯಿಂದ ತಾಳೆಗರಿಗೆ ನಕಲಾಗುವ ಗ್ರಂಥದಲ್ಲಿ ಇದು ಸಣ್ಣ ಅನುಕೂಲ ಅಲ್ಲ.

ಕಲ್ಲಿನ ಮೇಲೂ ಇಂಥ ಕಾವಲು ಸಿಗುತ್ತದೆ, ಆದರೆ ಬೇರೆ ಬಗೆಯಲ್ಲಿ. ಐಹೊಳೆಯ ಮೇಗುತಿ ಬಸದಿಯಲ್ಲಿರುವ ಇಮ್ಮಡಿ ಪುಲಕೇಶಿಯ ಶಾಸನದಲ್ಲಿ ರವಿಕೀರ್ತಿ ಆಕಾರ ಹೇಳೋದಿಲ್ಲ, ಬೆಲೆಯನ್ನೇ ಬಿಡಿಸಿ ಹೇಳ್ತಾನೆ: ಭಾರತ ಯುದ್ಧದಿಂದ ಮೂವತ್ತು, ಮೂರು ಸಾವಿರ, ಏಳು ನೂರು, ಐದು, ಅಂದರೆ 3735 ವರ್ಷ. ಶಕ ಅರಸರ ಲೆಕ್ಕದಲ್ಲಿ ಐವತ್ತು, ಆರು, ಐನೂರು, ಅಂದರೆ 556, ಕ್ರಿ.ಶ. 634-35. ಒಂದನ್ನು ಇನ್ನೊಂದರಿಂದ ಕಳೆಯಿರಿ: 3179. ಕಲಿ ವರ್ಷಕ್ಕೂ ಶಕ ವರ್ಷಕ್ಕೂ ಇರುವ ಅಂತರ ಅಷ್ಟೇ. ಎರಡರಲ್ಲಿ ಒಂದು ಪೂರ್ತಿ ಸವೆದುಹೋಗಿದ್ದರೂ ಉಳಿದ ಒಂದರಿಂದ ಅದನ್ನು ಮತ್ತೆ ಬರೆಯಬಹುದಿತ್ತು.