ಪಿಡಿಎಫ್ ಕಡತದ ಬೇಕಾದ ಪುಟ ಒಂದೇ ಸಾಲಿನ ಆದೇಶದಲ್ಲಿ: ಸದಸ್ಯರಿಗೊಂದು ಕೈಪಿಡಿ



ಗಡಿನಾಡ ಸಂಘಗಳ ಕೆಲಸ ಬಹುಪಾಲು ಕಾಗದಪತ್ರಗಳ ಬಲದಿಂದಲೇ ನಡೆಯುತ್ತದೆ. ಕನ್ನಡ ಶಾಲೆಗೆ ಶಿಕ್ಷಕರನ್ನು ಕೇಳಲು ಹೋದರೂ, ಅರ್ಜಿ ನಮೂನೆ ಕನ್ನಡದಲ್ಲಿ ಬೇಕೆಂದು ಮನವಿ ಕೊಟ್ಟರೂ, ‘ಅದು ಎಲ್ಲಿದೆ, ತೋರಿಸಿ’ ಎಂಬ ಮಾತು ಬಂದೇ ಬರುತ್ತದೆ. 1955ರ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ, 1967ರ ಮಹಾಜನ ಆಯೋಗದ ವರದಿ, ಸಂವಿಧಾನದ 350ಬಿ ವಿಧಿಯಡಿ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಗಳ ವರದಿಗಳು, ಇಲಾಖೆಯ ಸುತ್ತೋಲೆಗಳು – ಇಂಥವನ್ನು ಈಗ ನಾವು ಪಿಡಿಎಫ್ ಕಡತಗಳಾಗಿಯೇ ಇಟ್ಟುಕೊಳ್ಳುತ್ತೇವೆ. ಕಡತವೇನೋ ಇರುತ್ತದೆ, ಬೇಕಾದ ಹೊತ್ತಿಗೆ ಪುಟ ಸಿಗುವುದಿಲ್ಲ. ಯಾವ ಪುಟದಲ್ಲಿ ಏನಿದೆ ಎಂಬುದು ಸಂಘದ ಯಾರೋ ಒಬ್ಬ ಹಿರಿಯರ ನೆನಪಿನಲ್ಲಿರುತ್ತದೆ. ಅವರು ಊರಿನಲ್ಲಿಲ್ಲದ ದಿನ ನಮ್ಮ ಮನವಿಗೆ ಆಧಾರವೇ ಇಲ್ಲದಂತಾಗುತ್ತದೆ.

ಹಿಂದೆ ಕಚೇರಿ ಕಡತಗಳಲ್ಲಿ ಮುಖ್ಯ ಪುಟಕ್ಕೆ ಚೀಟಿ ಸಿಕ್ಕಿಸಿ, ಟಿಪ್ಪಣಿ ಹಾಳೆಯಲ್ಲಿ ‘ಪುಟ ಇಂಥದ್ದು ನೋಡಿ’ ಎಂದು ಬರೆಯುತ್ತಿದ್ದೆವು. ಸಾಹೇಬರು ಕಡತ ಬಿಚ್ಚಿದರೆ ನೇರ ಆ ಹಾಳೆಯೇ ಬರುತ್ತಿತ್ತು. ಕಂಪ್ಯೂಟರಿನಲ್ಲೂ ಅಂಥ ಚೀಟಿ ಸಿಕ್ಕಿಸಲು ಬರುತ್ತದೆ, ಹಣ ಖರ್ಚಿಲ್ಲ. ಅದರ ವಿವರ ಇಲ್ಲಿದೆ.

ಆದೇಶದ ಸಾಲು ಎಂದರೆ

ಮೌಸಿನಿಂದ ಒತ್ತುವ ಬದಲು ಕೆಲಸವನ್ನು ಅಕ್ಷರಗಳಲ್ಲಿ ಟೈಪ್ ಮಾಡಿ ಹೇಳುವುದೇ ಕಮಾಂಡ್ ಲೈನ್. ವಿಂಡೋಸಿನಲ್ಲಿ ಇದಕ್ಕೆ ‘ಕಮಾಂಡ್ ಪ್ರಾಂಪ್ಟ್’, ಲಿನಕ್ಸಿನಲ್ಲಿ ‘ಟರ್ಮಿನಲ್’ ಎಂಬ ಕಿಟಕಿ ಇದೆ. ಸಾಲಿನಲ್ಲಿ ಮೂರು ಭಾಗ: ತಂತ್ರಾಂಶದ ಹೆಸರು, ಸೂಚನೆ, ಕಡತದ ಹೆಸರು. ಸೂಚನೆ ಅಡ್ಡಗೆರೆಯಿಂದ ಆರಂಭವಾಗುತ್ತದೆ. ಅಡ್ಡಗೆರೆಯ ನಂತರ ಜಾಗ ಬಿಡಬಾರದು. ಓದಲು ಅನುಕೂಲವಾಗಲೆಂದು ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳನ್ನೇ ಬಳಸಬೇಕು. ಪುಟಸಂಖ್ಯೆಗಳು ಉದಾಹರಣೆಗೆ ಮಾತ್ರ.

ವಿಂಡೋಸ್ ಇರುವವರಿಗೆ

ಸುಮಾತ್ರಾ ಪಿಡಿಎಫ್ ಎಂಬ ಉಚಿತ ಮುಕ್ತ ತಂತ್ರಾಂಶ 2006ರಿಂದ ಇದೆ. ಗಾತ್ರದಲ್ಲಿ ಚಿಕ್ಕದು, ಹಳೆಯ ಕಂಪ್ಯೂಟರಿನಲ್ಲೂ ಚುರುಕಾಗಿ ತೆರೆಯುತ್ತದೆ. ಇದರ ‘ಪೋರ್ಟಬಲ್’ ಆವೃತ್ತಿಯನ್ನು ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಪೆನ್ ಡ್ರೈವಿನಿಂದಲೇ ನಡೆಯುತ್ತದೆ. ಹೀಗೆ ಮಾಡಿ:

1. ಪೆನ್ ಡ್ರೈವಿನ ಒಂದೇ ಫೋಲ್ಡರಿನಲ್ಲಿ ಸುಮಾತ್ರಾ ತಂತ್ರಾಂಶವನ್ನೂ ನಿಮ್ಮ ಪಿಡಿಎಫ್ ಕಡತವನ್ನೂ ಇಡಿ. ತಂತ್ರಾಂಶದ ಉದ್ದನೆಯ ಹೆಸರನ್ನು ‘ಸುಮಾತ್ರಾ’ ಎಂದಷ್ಟೇ ಬದಲಿಸಿ.
2. ನೋಟ್‌ಪ್ಯಾಡ್ ತೆರೆದು ಈ ಸಾಲು ಬರೆಯಿರಿ: ಸುಮಾತ್ರಾ -ಪೇಜ್ 212 ವರದಿ.ಪಿಡಿಎಫ್
3. ‘ಆಲ್ ಫೈಲ್ಸ್’ ಆಯ್ದು, ಹೆಸರಿನ ಕೊನೆಗೆ ಚುಕ್ಕಿ, ಬಿ, ಎ, ಟಿ ಎಂಬ ಅಕ್ಷರಗಳು ಬರುವಂತೆ ಅದೇ ಫೋಲ್ಡರಿನಲ್ಲಿ ಉಳಿಸಿ.

ಈ ಪುಟ್ಟ ಕಡತವನ್ನು ಎರಡು ಸಲ ಒತ್ತಿದರೆ ವರದಿಯ 212ನೇ ಪುಟ ತೆರೆದುಕೊಳ್ಳುತ್ತದೆ. ಇದೇ ನಮ್ಮ ಚೀಟಿ. ಹಿಂದೆ ಕಪ್ಪು ಕಿಟಕಿ ಉಳಿದರೆ ಗಾಬರಿ ಬೇಡ, ಸುಮಾತ್ರಾ ಮುಚ್ಚಿದಾಗ ಅದೂ ಹೋಗುತ್ತದೆ. ಪಿಡಿಎಫ್ ಕಡತಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಹೆಸರಿಡುವುದು ಕ್ಷೇಮ. ಜಾಗ ಬಿಟ್ಟಿದ್ದರೆ ಪೂರ್ತಿ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಗಳ ಒಳಗೆ ಹಾಕಬೇಕು. ಕನ್ನಡ ಅಕ್ಷರದ ಹೆಸರು ಇಂಥ ಕಡತಗಳಲ್ಲಿ ಕೆಲವೊಮ್ಮೆ ಕೈಕೊಡುತ್ತದೆ.

ಸಭೆಯಲ್ಲಿ ಪರದೆಯ ಮೇಲೆ ತೋರಿಸುವುದಿದ್ದರೆ -ಫುಲ್‌ಸ್ಕ್ರೀನ್ ಎಂಬ ಸೂಚನೆಯನ್ನೂ ಸೇರಿಸಿ. ಇದನ್ನು ಒಂದೇ ಪದವಾಗಿ ಬರೆಯಬೇಕು.

ಲಿನಕ್ಸ್ ಇರುವವರಿಗೆ

ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಕೈಟ್ ಸಂಸ್ಥೆ ಕೊಡುವ ಗ್ನೂ/ಲಿನಕ್ಸ್ ಬಳಕೆಯಲ್ಲಿದೆ. ಆದ್ದರಿಂದ ಕಾಸರಗೋಡು, ವಯನಾಡಿನ ಅಧ್ಯಾಪಕ ಸದಸ್ಯರು ಈ ಭಾಗ ನೋಡಬೇಕು.

ಎವಿನ್ಸ್ (ಇ, ವಿ, ಐ, ಎನ್, ಸಿ, ಇ): ಪರದೆಯ ಮೇಲೆ ‘ಡಾಕ್ಯುಮೆಂಟ್ ವ್ಯೂವರ್’ ಎಂದು ಕಾಣುವ ತಂತ್ರಾಂಶ. ಆದೇಶ: ಎವಿನ್ಸ್ --ಪೇಜ್-ಇಂಡೆಕ್ಸ್=212 ವರದಿ.ಪಿಡಿಎಫ್

ಓಕ್ಯುಲರ್ (ಓ, ಕೆ, ಯು, ಎಲ್, ಎ, ಆರ್): ಕೆಡಿಇ ಬಳಗದ್ದು. ಆದೇಶ: ಓಕ್ಯುಲರ್ --ಪೇಜ್ 212 ವರದಿ.ಪಿಡಿಎಫ್

ಝತುರಾ (ಝಡ್, ಎ, ಟಿ, ಹೆಚ್, ಯು, ಆರ್, ಎ): ಕೀಲಿಮಣೆಯಿಂದಲೇ ನಡೆಸುವ ಹಗುರ ತಂತ್ರಾಂಶ. ಆದೇಶ: ಝತುರಾ --ಪೇಜ್=212 ವರದಿ.ಪಿಡಿಎಫ್. ಸಂಖ್ಯೆಯ ಜಾಗದಲ್ಲಿ -1 ಎಂದು ಬರೆದರೆ ಕೊನೆಯ ಪುಟ ಬರುತ್ತದೆ.

ಅಚ್ಚಿನ ಪುಟ ಬೇರೆ, ಪರದೆಯ ಪುಟ ಬೇರೆ

ಇಲ್ಲಿ ಎಚ್ಚರ ಬೇಕು. ಪುಸ್ತಕದ ಮುನ್ನುಡಿ, ಪರಿವಿಡಿಗಳಿಗೆ ರೋಮನ್ ಅಂಕಿ ಇದ್ದು, ಮುಖ್ಯ ಭಾಗ 1ರಿಂದ ಆರಂಭವಾಗುತ್ತದೆ. ಕಂಪ್ಯೂಟರ್ ಮಾತ್ರ ಹೊದಿಕೆಯಿಂದಲೇ ಎಣಿಸುತ್ತದೆ. ಮುಂದೆ 16 ಪುಟಗಳಿದ್ದರೆ ಅಚ್ಚಿನ 212 ಪರದೆಯಲ್ಲಿ 228 ಆಗುತ್ತದೆ. ಮೇಲಿನ ಆದೇಶಗಳೆಲ್ಲ ಪರದೆಯ ಎಣಿಕೆಯನ್ನೇ ಹಿಡಿಯುತ್ತವೆ. ಎವಿನ್ಸಿನಲ್ಲಿ ಮಾತ್ರ --ಪೇಜ್-ಲೇಬಲ್ ಎಂಬ ಇನ್ನೊಂದು ಸೂಚನೆ ಇದೆ. ಕಡತ ಮಾಡಿದವರು ಅಚ್ಚಿನ ಸಂಖ್ಯೆಗಳನ್ನು ಒಳಗೆ ದಾಖಲಿಸಿದ್ದರೆ ಅದು ಆ ಸಂಖ್ಯೆಯಂತೆ ಪುಟ ತೆರೆಯುತ್ತದೆ. ಮನವಿಪತ್ರದಲ್ಲಿ ಅಚ್ಚಿನ ಪುಟವನ್ನೇ ಬರೆಯಬೇಕು, ಆದೇಶದಲ್ಲಿ ಪರದೆಯ ಪುಟ ಹಾಕಬೇಕು.

ಹುಡುಕಿದರೆ ಸಾಲದೇ?

ಎವಿನ್ಸ್, ಓಕ್ಯುಲರ್, ಝತುರಾ ಮೂರರಲ್ಲೂ --ಫೈಂಡ್ ಸೂಚನೆಯಿಂದ ಪದ ಹುಡುಕುತ್ತಲೇ ಕಡತ ತೆರೆಯಬಹುದು. ಇಂಗ್ಲಿಷ್ ಕಡತಗಳಲ್ಲಿ ಇದು ಒಳ್ಳೆಯ ಅನುಕೂಲ. ಕನ್ನಡದ್ದು ಬೇರೆ ಕಥೆ. ನುಡಿ, ಬರಹಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ತಯಾರಾದ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಬೇರೆ ಸಂಕೇತಗಳಿರುತ್ತವೆ. ಸ್ಕ್ಯಾನ್ ಮಾಡಿದ ಹಾಳೆ ಬರೀ ಚಿತ್ರ. ಎರಡರಲ್ಲೂ ‘ಶಾಲೆ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಪರೀಕ್ಷೆ ಸುಲಭ: ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿ. ಸರಿಯಾದ ಕನ್ನಡ ಬಂದರೆ ಹುಡುಕಬಹುದು. ಕಲಸುಮೇಲೋಗರ ಬಂದರೆ ಅಥವಾ ಏನೂ ಬಾರದಿದ್ದರೆ ಪುಟಸಂಖ್ಯೆಯೇ ಗತಿ. ಹಾಗಾಗಿಯೇ ಕನ್ನಡ ದಾಖಲೆಗಳಿಗೆ ಈ ಚೀಟಿ ಹೆಚ್ಚು ಅಗತ್ಯ.

ಬೇಕಾದ ಪುಟಗಳನ್ನಷ್ಟೇ ಮುದ್ರಿಸಲು

ಸುಮಾತ್ರಾದಲ್ಲಿ ಕಡತ ತೆರೆಯದೆಯೇ ಮುದ್ರಿಸಬಹುದು: ಸುಮಾತ್ರಾ -ಪ್ರಿಂಟ್-ಟು-ಡೀಫಾಲ್ಟ್ -ಪ್ರಿಂಟ್-ಸೆಟ್ಟಿಂಗ್ಸ್ "12-15,2ಎಕ್ಸ್" ಸುತ್ತೋಲೆ.ಪಿಡಿಎಫ್

ಇಲ್ಲಿ 12ರಿಂದ 15ನೇ ಪುಟದವರೆಗೆ ಎರಡೆರಡು ಪ್ರತಿ ಬರುತ್ತದೆ. ಆದೇಶ ಕೊಟ್ಟ ಕೂಡಲೇ, ಮರುಪ್ರಶ್ನೆ ಕೇಳದೆ, ಕಂಪ್ಯೂಟರಿನ ಮುಖ್ಯ ಪ್ರಿಂಟರಿಗೆ ಹೋಗುತ್ತದೆ. ಪುಟಸಂಖ್ಯೆ ಬಿಟ್ಟರೆ ಇಡೀ ವರದಿ ಅಚ್ಚಾಗುತ್ತದೆಂಬುದು ನೆನಪಿರಲಿ.

ತೆರೆದಿರುವ ಕಡತವನ್ನು ನಡೆಸಲು

ಓಕ್ಯುಲರ್ ತೆರೆದೇ ಇರುವಾಗ ಹೊರಗಿನಿಂದ ಪುಟ ತಿರುವಬಹುದು. ಲಿನಕ್ಸಿನಲ್ಲಿ ಒಂದು ತಂತ್ರಾಂಶ ಇನ್ನೊಂದಕ್ಕೆ ಸಂದೇಶ ಕಳಿಸಲು ‘ಡಿ-ಬಸ್’ ಎಂಬ ಏರ್ಪಾಡಿದೆ. ಕ್ಯೂಡಿಬಸ್ ಎಂಬ ಆದೇಶದ ಮೂಲಕ ಓಕ್ಯುಲರಿಗೆ ಇಂಥ ಪುಟಕ್ಕೆ ಹೋಗು, ಮುಂದಿನ ಪುಟ ತೋರಿಸು, ಈಗ ಯಾವ ಪುಟದಲ್ಲಿದ್ದೀಯ ತಿಳಿಸು ಎಂದೆಲ್ಲ ಹೇಳಬಹುದು. ಮುಪಿಡಿಎಫ್ ಎಂಬ ವೀಕ್ಷಕಕ್ಕೆ ಲಿನಕ್ಸಿನ ‘ಕಿಲ್’ ಆದೇಶದಿಂದ ಹೆಚ್‌ಯುಪಿ ಸಂಕೇತ ಕಳಿಸಿದರೆ ಕಡತವನ್ನು ಹೊಸದಾಗಿ ಓದಿಕೊಳ್ಳುತ್ತದೆ. ಸ್ಮರಣ ಸಂಚಿಕೆಯ ಕರಡು ತಿದ್ದುವವರಿಗೆ ಉಪಯೋಗವಾದೀತು. ಕಂಪ್ಯೂಟರ್ ಬಲ್ಲ ತರುಣ ಸದಸ್ಯರು ಪ್ರಯತ್ನಿಸಿ, ಉಳಿದವರಿಗೂ ತೋರಿಸಿಕೊಡಲಿ.

ಅಂತರ್ಜಾಲದಲ್ಲಿರುವ ಪಿಡಿಎಫ್ ಆದರೆ ಬ್ರೌಸರೇ ಸಾಕು. ವಿಳಾಸದ ಕೊನೆಗೆ #ಪೇಜ್=212 ಎಂದು ಸೇರಿಸಿದರೆ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಆ ಪುಟವೇ ಕಾಣುತ್ತದೆ. ಇಮೇಲ್ ಮನವಿಯಲ್ಲಿ ಹೀಗೆ ಕೊಟ್ಟರೆ ಓದುವ ಅಧಿಕಾರಿಗೂ ಹುಡುಕುವ ಕಷ್ಟವಿಲ್ಲ.

ಶಾಖೆಗಳಿಗೆ ವಿನಂತಿ

ಪ್ರತಿ ಶಾಖೆಯೂ ಒಂದು ಪಟ್ಟಿ ಇಡಬೇಕೆಂದು ಕೋರಿಕೆ. ಕಡತದ ಹೆಸರು, ಅಚ್ಚಿನ ಪುಟ, ಪರದೆಯ ಪುಟ, ಅಲ್ಲಿ ಏನಿದೆ ಎಂಬ ಒಂದು ಸಾಲಿನ ವಿವರ – ಇಷ್ಟು ಸಾಕು. ಅದೇ ವರದಿಯ ಬೇರೆ ಸ್ಕ್ಯಾನ್ ಪ್ರತಿಯಲ್ಲಿ ಪರದೆಯ ಪುಟ ಬದಲಾಗಬಹುದಾದ್ದರಿಂದ ಪಟ್ಟಿಯನ್ನೂ ಪಿಡಿಎಫ್ ಕಡತವನ್ನೂ ಒಂದೇ ಫೋಲ್ಡರಿನಲ್ಲಿಡಿ, ಒಂದು ಪ್ರತಿ ಇನ್ನೊಬ್ಬ ಪದಾಧಿಕಾರಿಯ ಬಳಿಯೂ ಇರಲಿ. ಯಾವ ಪುಟ ಯಾಕೆ ಮುಖ್ಯವೆಂದು ಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಮೊದಲು ಅವರ ಬಳಿ ಕುಳಿತು ಬರೆದುಕೊಳ್ಳಿ. ಮನವಿ ಸಲ್ಲಿಸಲು ಹೊರಡುವ ಹಿಂದಿನ ದಿನ ಪ್ರತಿಯೊಂದು ಚೀಟಿಯನ್ನೂ ಒಮ್ಮೆ ತೆರೆದು ನೋಡಿ.

– ಕಾರ್ಯದರ್ಶಿ